ಟೊಮ್ಯಾಟೊ ಲೆಕ್ಕದ ಪುಟ: ಜಾವಾಸ್ಕ್ರಿಪ್ಟ್ ಓಡುವುದು ಎಲ್ಲಿ?

ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಹಾಕಿ ಬಂದ ದಿನ ನಮ್ಮ ಚಿಕ್ಕಪ್ಪ ಚಪ್ಪಲಿ ಬಿಡುವ ಮೊದಲೇ ಜೇಬಿನಿಂದ ಮಂಡಿ ಚೀಟಿ ತೆಗೆಯುತ್ತಾರೆ. ಅದರ ಹಿಂದೆ ಪೆನ್ನಿನಲ್ಲಿ ಲೆಕ್ಕ ಶುರು. ಎಷ್ಟು ಬಾಕ್ಸ್ ಹೋಯಿತು, ಬಾಕ್ಸಿಗೆ ಎಷ್ಟು ಬಿತ್ತು, ಟೆಂಪೊ ಬಾಡಿಗೆ ಎಷ್ಟು ಕಳೆಯಬೇಕು, ಕೈಗೆ ಎಷ್ಟು ಉಳಿಯಿತು. ಇಲ್ಲಿ ಒಂದು ಬಾಕ್ಸ್ ಅಂದರೆ 15 ಕೆಜಿ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೊನೆಯ ಅಂಕಿಗೆ ಕಾಯುತ್ತಿರುತ್ತಾರೆ.

ನಾನು ಜಾವಾಸ್ಕ್ರಿಪ್ಟ್ ಕಲಿಯಲು ಎರಡು ತಿಂಗಳು ವಿಡಿಯೊ ನೋಡಿದೆ. ನೋಡುವಾಗ ಎಲ್ಲ ಅರ್ಥವಾಗುತ್ತಿತ್ತು. ವಿಡಿಯೊ ನಿಲ್ಲಿಸಿ ಸ್ವಂತ ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಕೊನೆಗೆ ಈ ಚೀಟಿ ಲೆಕ್ಕವನ್ನೇ ಒಂದು ವೆಬ್ ಪುಟ ಮಾಡೋಣ ಅಂತ ಕೂತೆ. ಮೂರು ಖಾನೆ, ಒಂದು ಬಟನ್, ಕೆಳಗೆ ಉತ್ತರ. ಅಷ್ಟೇ ಪುಟ. ಆದರೆ ಹೊಸಬರು ಎಡವುವ ಜಾಗ ಎಲ್ಲವೂ ಅದರೊಳಗೇ ಇದ್ದವು. ಹಾಗಾಗಿ ಅದೇ ಪುಟ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಒಂದು ಪ್ರಶ್ನೆ. ನೀವು ಬರೆದ ಸ್ಕ್ರಿಪ್ಟ್ ಓಡುವುದು ಎಲ್ಲಿ? ನಿಮ್ಮ ಕಂಪ್ಯೂಟರಿನಲ್ಲಾ, ಎಲ್ಲೋ ದೂರದ ಸರ್ವರಿನಲ್ಲಾ, ಅಥವಾ ಪುಟ ನೋಡುತ್ತಿರುವವರ ಫೋನಿನಲ್ಲಾ? ತುಂಬ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಮೂರನೆಯದು, ನೋಡುವವರ ಫೋನು. ಇದೊಂದು ತಲೆಯಲ್ಲಿ ಕೂತರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಆಗುವುದು ಹೀಗೆ. ಚಿಕ್ಕಪ್ಪ ಫೋನಿನಲ್ಲಿ ಪುಟದ ವಿಳಾಸ ಒತ್ತುತ್ತಾರೆ. ಸರ್ವರ್ ಕೆಲವು ಫೈಲು ಕಳಿಸುತ್ತದೆ. ಒಂದು ಎಚ್‌ಟಿಎಂಎಲ್: ಪುಟದಲ್ಲಿ ಏನೇನಿದೆ ಅನ್ನುವುದು, ಇಲ್ಲೊಂದು ಶೀರ್ಷಿಕೆ, ಇಲ್ಲೊಂದು ಖಾನೆ, ಇಲ್ಲೊಂದು ಬಟನ್. ಇನ್ನೊಂದು ಸಿಎಸ್‌ಎಸ್: ಅವು ಕಾಣುವುದು ಹೇಗೆ, ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ. ಮೂರನೆಯದೇ ಜಾವಾಸ್ಕ್ರಿಪ್ಟ್: ಬಟನ್ ಒತ್ತಿದರೆ ಏನಾಗಬೇಕು. ಮೂರೂ ಚಿಕ್ಕಪ್ಪನ ಫೋನಿಗೆ ಬಂದು ಇಳಿಯುತ್ತವೆ. ಆಮೇಲೆ ಲೆಕ್ಕ ಹಾಕುವುದು ಅವರ ಫೋನಿನ ಬ್ರೌಸರ್. ಸರ್ವರಿಗೆ ಅವರು ಬಟನ್ ಒತ್ತಿದ್ದೂ ಗೊತ್ತಿರಲ್ಲ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಪುಟ ತೆರೆದುಕೊಂಡ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಮೇಲೆ ಬಟನ್ ಒತ್ತಿ. ಉತ್ತರ ಬರುತ್ತದೆ. ವೇಮಗಲ್ ಕಡೆ ನಮ್ಮ ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ದೊಡ್ಡದು. ಅಲ್ಲೂ ಈ ಪುಟ ಟಕ್ ಅಂತ ಲೆಕ್ಕ ಹೇಳುವುದು ಇದೇ ಕಾರಣಕ್ಕೆ. ರಿಫ್ರೆಶ್ ಮಾತ್ರ ಮಾಡಬೇಡಿ.

ಈಗ ಸ್ಕ್ರಿಪ್ಟ್ ಒಳಗಡೆ ಹೋಗೋಣ. ಪುಟದ ಜೊತೆ ಅದು ಮಾಡುವುದು ಮೂರೇ ಕೆಲಸ. ಹುಡುಕು, ಕಾಯಿ, ಬದಲಿಸು. ಪುಟದಲ್ಲಿ ಬೇಕಾದ ವಸ್ತುವನ್ನು ಹುಡುಕಿಕೊಳ್ಳುವುದು. ಬಳಸುವವರು ಏನಾದರೂ ಮಾಡುವ ತನಕ ಕಾಯುವುದು. ಮಾಡಿದ ಮೇಲೆ ಪುಟದಲ್ಲಿ ಏನನ್ನಾದರೂ ಬದಲಿಸುವುದು. ಮೆನು ತೆರೆದುಕೊಳ್ಳುವುದು, ಫೋಟೊ ಸರಿಯುವುದು, ಫಾರ್ಮಿನಲ್ಲಿ "ಮೊಬೈಲ್ ನಂಬರ್ 10 ಅಂಕಿ ಇರಬೇಕು" ಅಂತ ಕೆಂಪಕ್ಷರ ಬರುವುದು, ಎಲ್ಲ ಇದೇ ಮೂರರ ಆಟ.

ಕೋಡ್ ತೋರಿಸುವ ಮೊದಲು ಒಂದು ಮಾತು. ಇಲ್ಲಿ ಓದಲು ಸುಲಭವಾಗಲಿ ಅಂತ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಲೆಟ್, ಫಂಕ್ಷನ್, ಡಾಕ್ಯುಮೆಂಟ್, ಕ್ಲಿಕ್‌ನಂಥ ಭಾಷೆಯ ಸ್ವಂತ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಹಾಕಬೇಕು, ಸಣ್ಣಕ್ಷರ ದೊಡ್ಡಕ್ಷರದ ವ್ಯತ್ಯಾಸವನ್ನೂ ಬಿಡದೆ. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ದರ, ಬಾಡಿಗೆ, ಉತ್ತರ ಅಂತ ಕನ್ನಡದಲ್ಲೇ ಹೆಸರಿಟ್ಟರೂ ಬ್ರೌಸರ್ ತಕರಾರು ಮಾಡಲ್ಲ. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಇನ್ನೊಂದು, ಪುಟದಲ್ಲಿ ಟೈಪ್ ಮಾಡುವ ಜಾಗವನ್ನು ಬಾಕ್ಸ್ ಅಂದರೆ ಟೊಮ್ಯಾಟೊ ಬಾಕ್ಸಿನ ಜೊತೆ ಕಲಸಿಹೋಗುತ್ತದೆ. ಅದನ್ನು ಖಾನೆ ಅಂತಲೇ ಕರೆಯುತ್ತೇನೆ.

ಮೊದಲ ಕೆಲಸ, ಹುಡುಕುವುದು:

ಕಾನ್ಸ್ಟ್ ಬಟನ್ = ಡಾಕ್ಯುಮೆಂಟ್.ಕ್ವೆರಿಸೆಲೆಕ್ಟರ್("#ಲೆಕ್ಕ")

ಡಾಕ್ಯುಮೆಂಟ್ ಅಂದರೆ ಇಡೀ ಪುಟ. ಅದರಲ್ಲಿ ಐಡಿ "ಲೆಕ್ಕ" ಅಂತ ಇರುವುದನ್ನು ಹುಡುಕಿ ತಾ, ಅದಕ್ಕೆ ಬಟನ್ ಅನ್ನುವ ಹೆಸರು ಕೊಡು. ಹ್ಯಾಶ್ ಗುರುತು ಐಡಿಗೆ. ಎಚ್‌ಟಿಎಂಎಲ್ ಬರೆಯುವಾಗ ನಾವೇ ಆ ಬಟನ್ನಿಗೆ ಆ ಐಡಿ ಕೊಟ್ಟಿರುತ್ತೇವೆ.

ಎಚ್‌ಟಿಎಂಎಲ್ ಬರೀ ಅಕ್ಷರಗಳಿರುವ ಫೈಲು. ಬ್ರೌಸರ್ ಅದನ್ನು ಓದಿ, ವಂಶವೃಕ್ಷದ ಹಾಗೆ ಒಂದು ಮರ ಕಟ್ಟಿಕೊಳ್ಳುತ್ತದೆ. ಮೇಲೆ ಇಡೀ ಪುಟ, ಅದರ ಮಕ್ಕಳು ಶೀರ್ಷಿಕೆ, ಫಾರ್ಮ್. ಫಾರ್ಮಿನ ಮಕ್ಕಳು ಖಾನೆ, ಬಟನ್. ಈ ಮರಕ್ಕೆ ಡಾಮ್ ಅಂತ ಹೆಸರು. ನಮ್ಮ ಸ್ಕ್ರಿಪ್ಟ್ ಮುಟ್ಟುವುದು ಫೈಲನ್ನಲ್ಲ, ಈ ಮರವನ್ನು. ಮರದಲ್ಲಿ ಒಂದು ಎಲೆ ಬದಲಿಸಿದರೆ ಪರದೆಯ ಮೇಲೆ ತಕ್ಷಣ ಕಾಣುತ್ತದೆ. ಮೂಲ ಫೈಲು ಸರ್ವರಿನಲ್ಲಿ ಹಾಗೇ ಇರುತ್ತದೆ. ರಿಫ್ರೆಶ್ ಮಾಡಿದರೆ ಹೊಸ ಮರ, ನಾವು ಮಾಡಿದ ಬದಲಾವಣೆ ಎಲ್ಲ ಮಾಯ.

ಎರಡನೆಯದು, ಕಾಯುವುದು:

ಬಟನ್.ಆಡ್‌ಇವೆಂಟ್‌ಲಿಸನರ್("ಕ್ಲಿಕ್", ಲೆಕ್ಕಹಾಕು)

ಬಟನ್ ಮೇಲೆ ಕ್ಲಿಕ್ ಆದರೆ ಲೆಕ್ಕಹಾಕು ಅನ್ನುವ ಫಂಕ್ಷನ್ ಓಡಿಸು ಅಂತ ಬ್ರೌಸರಿಗೆ ಹೇಳಿಟ್ಟು ಬರುವುದು. ಫಂಕ್ಷನ್ ಅಂದರೆ ಒಂದು ಹೆಸರಿಟ್ಟು ಕಟ್ಟಿಟ್ಟ ಒಂದಷ್ಟು ಸಾಲು. ಇಲ್ಲಿ ನಾನು ಒಂದು ಇಡೀ ಭಾನುವಾರ ಕಳೆದೆ. ಫಂಕ್ಷನ್ ಹೆಸರಿನ ಮುಂದೆ ಅಭ್ಯಾಸಬಲದಿಂದ ಆವರಣದ ಗುರುತು ಹಾಕಿ, ಲೆಕ್ಕಹಾಕು() ಅಂತ ಬರೆದಿದ್ದೆ. ಪುಟ ತೆರೆದ ಕೂಡಲೇ ಲೆಕ್ಕ ತಾನೇ ಓಡಿಬಿಡುತ್ತಿತ್ತು. ಬಟನ್ ಒತ್ತಿದರೆ ಏನೂ ಇಲ್ಲ. ಕಾರಣ ಇಷ್ಟೇ: ಬರೀ ಹೆಸರು ಬರೆದರೆ "ಕೆಲಸ ಇದ್ದಾಗ ಈ ನಂಬರಿಗೆ ಫೋನ್ ಮಾಡು" ಅಂತ ನಂಬರ್ ಕೊಟ್ಟ ಹಾಗೆ. ಆವರಣ ಹಾಕಿದರೆ ಈಗಲೇ ಫೋನ್ ಮಾಡಿದ ಹಾಗೆ. ಬಟನ್ ಒತ್ತುವ ಹೊತ್ತಿಗೆ ಬ್ರೌಸರಿನ ಕೈಯಲ್ಲಿ ನಂಬರೇ ಇರಲಿಲ್ಲ.

ಮೂರನೆಯದು, ಬದಲಿಸುವುದು. ಇದು ಫಂಕ್ಷನ್ ಒಳಗಿದೆ. ವ್ಯಾಲ್ಯೂ ಅಂದರೆ ಖಾನೆಯಲ್ಲಿ ಟೈಪ್ ಮಾಡಿದ್ದು, ಟೆಕ್ಸ್ಟ್‌ಕಂಟೆಂಟ್ ಅಂದರೆ ಆ ಜಾಗದಲ್ಲಿ ಕಾಣುವ ಬರಹ:

ಫಂಕ್ಷನ್ ಲೆಕ್ಕಹಾಕು() {
  ಲೆಟ್ ಒಟ್ಟು = ಬೆಳಗಿನಖಾನೆ.ವ್ಯಾಲ್ಯೂ + ಸಂಜೆಖಾನೆ.ವ್ಯಾಲ್ಯೂ
  ಲೆಟ್ ಉಳಿದದ್ದು = ಒಟ್ಟು * (ದರಖಾನೆ.ವ್ಯಾಲ್ಯೂ - ಬಾಡಿಗೆಖಾನೆ.ವ್ಯಾಲ್ಯೂ)
  ಉತ್ತರ.ಟೆಕ್ಸ್ಟ್‌ಕಂಟೆಂಟ್ = ಉಳಿದದ್ದು
}

ಮೂರು ಖಾನೆ ನಾಲ್ಕಾಗಿದೆ, ಗಮನಿಸಿದಿರಾ? ಪುಟ ನೋಡಿದ ಚಿಕ್ಕಪ್ಪ "ಬೆಳಗ್ಗೆ ಒಂದು ಟೆಂಪೊ, ಸಂಜೆ ಒಂದು ಟೆಂಪೊ ಕಳಿಸೋದಿದೆ, ಬೇರೆ ಬೇರೆ ಹಾಕು" ಅಂದರು. ಹಾಕಿದೆ. ಒಂದೊಂದು ಖಾನೆಯನ್ನೂ ಬಟನ್ ಹುಡುಕಿದ ರೀತಿಯಲ್ಲೇ ಮೇಲೆ ಹುಡುಕಿಟ್ಟುಕೊಂಡಿದ್ದೆ. ಅವರು ಬೆಳಗಿನದು 40, ಸಂಜೆಯದು 12, ದರ 350, ಬಾಕ್ಸಿಗೆ ಬಾಡಿಗೆ 15 ಅಂತ ತುಂಬಿಸಿ ಬಟನ್ ಒತ್ತಿದರು.

ಉತ್ತರ: 1344020.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಹದಿಮೂರು ಲಕ್ಷನಾ? ಒಂದಿನದ ಟಮಾಟಕ್ಕೆ ಇಷ್ಟು ಬಂದಿದ್ರೆ ನಾನ್ಯಾಕಪ್ಪಾ ಇಲ್ಲಿ ಕೂತಿರ್ತಿದ್ದೆ?" ಚಿಕ್ಕಮ್ಮ ಅಡುಗೆಮನೆಯಿಂದಲೇ ನಕ್ಕರು.

ಏನಾಗಿತ್ತು ಅಂದರೆ, ಖಾನೆಯಲ್ಲಿ ಟೈಪ್ ಮಾಡಿದ್ದು ಬ್ರೌಸರಿಗೆ ಸಂಖ್ಯೆ ಅಲ್ಲ, ಬರಹ. 40 ಅಂದರೆ ಅದಕ್ಕೆ ನಾಲ್ಕು, ಸೊನ್ನೆ ಅನ್ನುವ ಎರಡು ಅಕ್ಷರ. ಜಾವಾಸ್ಕ್ರಿಪ್ಟಿನಲ್ಲಿ ಪ್ಲಸ್ ಗುರುತಿಗೆ ಎರಡು ಕೆಲಸ. ಎರಡು ಸಂಖ್ಯೆ ಕೊಟ್ಟರೆ ಕೂಡುತ್ತದೆ. ಬರಹ ಕೊಟ್ಟರೆ ಪಕ್ಕಪಕ್ಕ ಅಂಟಿಸುತ್ತದೆ. "40" ಪಕ್ಕ "12" ಅಂಟಿಸಿದರೆ "4012". ಗುಣಾಕಾರ, ವ್ಯವಕಲನದ ಗುರುತಿಗೆ ಬೇರೆ ಅರ್ಥ ಇಲ್ಲ. ಅವು ಬರಹವನ್ನು ಸುಮ್ನೆ ಸಂಖ್ಯೆ ಮಾಡಿಕೊಂಡು ಲೆಕ್ಕ ಮಾಡುತ್ತವೆ. ಹಾಗಾಗಿ 350ರಲ್ಲಿ 15 ಸರಿಯಾಗಿ ಕಳೆದು 335 ಆಯಿತು. ಅದಕ್ಕೆ 4012 ಗುಣಿಸಿತು. ಎಲ್ಲೂ ಎರರ್ ಬರಲಿಲ್ಲ. ತಪ್ಪು ಲೆಕ್ಕಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಸಣ್ಣ ಮೊತ್ತ ಆಗಿದ್ದರೆ ಇಬ್ಬರೂ ನಂಬಿಬಿಡುತ್ತಿದ್ದೆವು.

ಪರಿಹಾರ ಒಂದು ಪದದ್ದು. ಖಾನೆಯಿಂದ ತೆಗೆದ ಕೂಡಲೇ ಸಂಖ್ಯೆ ಮಾಡಿಕೊಳ್ಳಬೇಕು: ನಂಬರ್(ಬೆಳಗಿನಖಾನೆ.ವ್ಯಾಲ್ಯೂ). ನಾಲ್ಕಕ್ಕೂ ಹಾಗೆ ಮಾಡಿದ ಮೇಲೆ 52 ಬಾಕ್ಸ್, 17420 ರೂಪಾಯಿ. ಚೀಟಿ ಹಿಂದಿನ ಲೆಕ್ಕವೂ ಅಷ್ಟೇ ಇತ್ತು. ಅದರಲ್ಲೂ ಒಂದು ಹಳ್ಳ ಇದೆ. ಖಾನೆ ಖಾಲಿ ಬಿಟ್ಟರೆ ನಂಬರ್ ಅದನ್ನು 0 ಅಂದುಕೊಳ್ಳುತ್ತದೆ. ಬಾಡಿಗೆ ತುಂಬಿಸಲು ಮರೆತರೆ ಬಾಡಿಗೆಯೇ ಇಲ್ಲದ ಲೆಕ್ಕ ಬರುತ್ತದೆ. ಆದ್ದರಿಂದ ಖಾಲಿ ಇದೆಯಾ ಅಂತ ಮೊದಲು ಇಫ್ ಹಾಕಿ ನೋಡಿ, ಇದ್ದರೆ "ಬಾಡಿಗೆ ಹಾಕಿಲ್ಲ" ಅಂತ ತೋರಿಸಬೇಕು.

ಈ ಭಾಷೆ ಯಾಕೆ ಹೀಗೆ ವಿಚಿತ್ರವಾಗಿ ಆಡುತ್ತದೆ? ಅರ್ಧ ಉತ್ತರ ಅದು ಹುಟ್ಟಿದ ರೀತಿಯಲ್ಲಿದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಬರೆದರು. ಮೊದಲು ಮೋಚಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಅದೇ ವರ್ಷ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಅಂತ ಹೆಸರಾಯಿತು. ಆಗ ಜಾವಾ ಭಾಷೆಯ ಹವಾ ಜೋರಾಗಿತ್ತು, ಆ ಹೆಸರಿನ ನೆರಳು ಸಿಗಲಿ ಅಂತ. ಎರಡಕ್ಕೂ ನೆಂಟಸ್ತನ ಅಷ್ಟಕ್ಕಷ್ಟೇ. "ಮೊದಲು ಜಾವಾ ಕಲೀಬೇಕಾ ಅಣ್ಣಾ?" ಅಂತ ಕೇಳುವ ಹುಡುಗರಿಗೆ ನನ್ನ ಉತ್ತರ: ಬೇಡ. 1997ರಲ್ಲಿ ಎಕ್ಮಾಸ್ಕ್ರಿಪ್ಟ್ ಅನ್ನುವ ಹೆಸರಿನಲ್ಲಿ ಭಾಷೆಗೆ ಒಂದು ಮಾನಕ ಬಂತು. ಇಲ್ಲಿ ಬಳಸಿದ ಲೆಟ್, ಕಾನ್ಸ್ಟ್ ಎರಡೂ ಅದರ 2015ರ ಆವೃತ್ತಿಯಲ್ಲಿ ಬಂದವು. ಮೌಲ್ಯ ಬದಲಾಗುವುದಿದ್ದರೆ ಲೆಟ್, ಇಲ್ಲದಿದ್ದರೆ ಕಾನ್ಸ್ಟ್. ಹಳೆಯ ಪಾಠಗಳಲ್ಲಿ ವರ್ ಅಂತ ಕಂಡರೆ ಗಾಬರಿ ಬೇಡ, ಅದು ಹಳೆಯ ಕಾಲದ್ದು. ಹೊಸದು ಬಂದರೂ ಹಳೆಯದನ್ನು ತೆಗೆಯಲು ಆಗಲ್ಲ. ತೆಗೆದರೆ ಹಳೆಯ ಪುಟಗಳೆಲ್ಲ ಕೆಟ್ಟು ನಿಲ್ಲುತ್ತವೆ. ಪ್ಲಸ್ ಗುರುತಿನ ಎರಡು ಕೆಲಸವೂ ಹಾಗೇ ಉಳಿದುಕೊಂಡಿದೆ.

ಕಲಿಯುವಾಗ ಒಂದು ಕಂಪ್ಯೂಟರ್ ಇದ್ದರೆ ಒಳ್ಳೆಯದು, ಹಳೆಯದಾದರೂ ಸಾಕು. ನೋಟ್‌ಪ್ಯಾಡ್ ಸಾಕು, ವಿಎಸ್ ಕೋಡ್ ಉಚಿತವಾಗಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ಎಚ್‌ಟಿಎಂಎಲ್ ಫೈಲಿನ ಮೇಲ್ಭಾಗದಲ್ಲಿ, ಅಕ್ಷರಗಳನ್ನು ಯುಟಿಎಫ್-8 ಪದ್ಧತಿಯಲ್ಲಿ ಓದು ಅಂತ ಹೇಳುವ ಮೆಟಾ ಸಾಲು ಮರೆಯಬೇಡಿ. ಅದಿಲ್ಲದಿದ್ದರೆ ಕನ್ನಡ ಅಕ್ಷರ ಗೀಚಿದ ಹಾಗೆ ಕಾಣಬಹುದು. ಬ್ರೌಸರಿನಲ್ಲಿ ಎಫ್12 ಒತ್ತಿದರೆ ಕನ್ಸೋಲ್ ಅನ್ನುವ ಜಾಗ ಇದೆ. ಪುಟ ಸುಮ್ಮನಿದ್ದರೂ ಕನ್ಸೋಲ್ ಬಾಯಿ ಬಿಡುತ್ತದೆ, ಯಾವ ಸಾಲಿನಲ್ಲಿ ಎಡವಿದೆ ಅಂತ ಸಾಲಿನ ಸಂಖ್ಯೆಯ ಸಮೇತ. ಕೆಂಪಕ್ಷರ ಕಂಡ ಕೂಡಲೇ ಮುಚ್ಚಬೇಡಿ, ಓದಿ.

ಅಲ್ಲಿ ಜಾಸ್ತಿ ಕಾಣುವ ದೂರು "ನಲ್" ಕುರಿತದ್ದು. ಹುಡುಕಿದ್ದು ಸಿಗಲಿಲ್ಲ ಅಂತ ಅರ್ಥ. ಒಂದೋ ಐಡಿಯಲ್ಲಿ ಕಾಗುಣಿತ ತಪ್ಪು, ಇಲ್ಲ ಸ್ಕ್ರಿಪ್ಟ್ ಮೊದಲೇ ಓಡಿದೆ. ಬ್ರೌಸರ್ ಫೈಲನ್ನು ಮೇಲಿಂದ ಕೆಳಗೆ ಓದುತ್ತದೆ. ಸ್ಕ್ರಿಪ್ಟ್ ಮೇಲಿದ್ದು ಬಟನ್ ಕೆಳಗಿದ್ದರೆ, ಸ್ಕ್ರಿಪ್ಟ್ ಓಡುವಾಗ ಬಟನ್ ಇನ್ನೂ ಮರಕ್ಕೆ ಸೇರಿಯೇ ಇರುವುದಿಲ್ಲ. ಟೆಂಪೊ ಬರುವ ಮೊದಲೇ ಹರಾಜು ಕೂಗಿದ ಹಾಗೆ, ಅಲ್ವಾ? ಸ್ಕ್ರಿಪ್ಟ್ ಬೇರೆ ಫೈಲಿನಲ್ಲಿದ್ದರೆ, ಎಚ್‌ಟಿಎಂಎಲ್‌ನಲ್ಲಿ ಅದನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ ಅಂತ ಸೇರಿಸಿ. ಇಡೀ ಪುಟ ಓದಿ ಮುಗಿದ ಮೇಲೆ ಓಡುತ್ತದೆ.

ಈಗ ಮೊದಲಿನ ಪ್ರಶ್ನೆಗೆ ವಾಪಸ್ಸು. ಸ್ಕ್ರಿಪ್ಟ್ ಓಡುವುದು ಬೇರೆಯವರ ಫೋನಿನಲ್ಲಿ. ಅಂದರೆ ಅದು ಅವರ ಕೈಯಲ್ಲಿದೆ. ಬೇಕಾದರೆ ಪೂರ್ತಿ ಓದಬಹುದು, ತಿದ್ದಬಹುದು, ನಿಲ್ಲಿಸಲೂಬಹುದು. ಹಾಗಾಗಿ ಪಾಸ್‌ವರ್ಡ್ ಅಥವಾ ಗುಟ್ಟಿನ ವಿಷಯ ಅದರೊಳಗೆ ಬರೆಯಲೇಬಾರದು. ಫಾರ್ಮಿನ ಕೆಂಪಕ್ಷರದ ಎಚ್ಚರಿಕೆ ಬಳಸುವವರ ಅನುಕೂಲಕ್ಕೆ, ಕಾವಲಿಗೆ ಅಲ್ಲ. ಸರ್ವರ್ ತನ್ನ ಕಡೆ ಇನ್ನೊಮ್ಮೆ ಪರೀಕ್ಷೆ ಮಾಡಲೇಬೇಕು.

ಇದರಿಂದ ಇನ್ನೊಂದು ಬುದ್ಧಿಯೂ ಬರುತ್ತದೆ. ಎಫ್12 ಒತ್ತಿ ಯಾವ ಪುಟದ ಯಾವ ಅಂಕಿಯನ್ನಾದರೂ ಯಾರು ಬೇಕಾದರೂ ಬದಲಿಸಬಹುದು. ಬದಲಾಗುವುದು ಅವರ ಪರದೆಯಲ್ಲಿ ಮಾತ್ರ. ಆದರೆ ಅದರ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ನಿಜವಾಗಿಯೇ 2,000 ರೂಪಾಯಿ ದಾಟಿತ್ತು. ಅಂಥ ಹೊತ್ತಿನಲ್ಲಿ 3,500 ಅಂತ ತಿದ್ದಿದ ಚಿತ್ರ ಬಂದರೂ ಯಾರು ಅನುಮಾನ ಪಡುತ್ತಾರೆ? ನಾನು ಚಿಕ್ಕಪ್ಪನ ಎದುರೇ ಒಂದು ಪುಟದ ದರ ತಿದ್ದಿ ತೋರಿಸಿದೆ. ಅಂದಿನಿಂದ ಅವರು ದರದ ಸ್ಕ್ರೀನ್‌ಶಾಟ್ ಬಂದರೆ ಮಂಡಿಗೆ ಫೋನ್ ಮಾಡಿ ಕೇಳುತ್ತಾರೆ.

ಫೋನಿನಲ್ಲೇ ಓಡುವುದರ ಇನ್ನೊಂದು ಮಿತಿ ನೆನಪಿನದು. ರಿಫ್ರೆಶ್ ಮಾಡಿದರೆ ನಿನ್ನೆಯ ಲೆಕ್ಕ ಇರಲ್ಲ. ಇದಕ್ಕೆ ಬ್ರೌಸರಿನಲ್ಲೇ ಲೋಕಲ್‌ಸ್ಟೋರೇಜ್ ಅನ್ನುವ ಸಣ್ಣ ಗೂಡು ಇದೆ. ಸೆಟ್‌ಐಟಂ ಅಂದರೆ ಇಡುವುದು, ಗೆಟ್‌ಐಟಂ ಅಂದರೆ ತೆಗೆಯುವುದು. ಫೋನ್ ಆಫ್ ಮಾಡಿ ಆನ್ ಮಾಡಿದರೂ ಅಲ್ಲೇ ಇರುತ್ತದೆ. ಆದರೆ ಅದು ಇಟ್ಟುಕೊಳ್ಳುವುದು ಬರಹವನ್ನು ಮಾತ್ರ. ಸಂಖ್ಯೆ ಇಟ್ಟರೂ ಬರಹವಾಗಿಯೇ ವಾಪಸ್ಸು ಬರುತ್ತದೆ. 4012ರ ಕಥೆ ಮತ್ತೆ ಆಗಬಾರದು ಅಂದರೆ ತೆಗೆದ ಮೇಲೂ ನಂಬರ್ ಹಾಕಿ. ಇನ್ನು, ಚಿಕ್ಕಪ್ಪನ ಫೋನಿನಲ್ಲಿ ಇಟ್ಟದ್ದು ಚಿಕ್ಕಮ್ಮನ ಫೋನಿನಲ್ಲಿ ಕಾಣಲ್ಲ. ಎರಡು ಫೋನಿಗೂ ಒಂದೇ ಲೆಕ್ಕ ಬೇಕು ಅಂದರೆ ಸರ್ವರ್ ಬೇಕೇ ಬೇಕು. ಅದು ಬೇರೆ ಪಾಠ.

ದೊಡ್ಡ ಪುಟ ಕಟ್ಟಲು ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಸಲಕರಣೆ ಇದೆ. ಅದನ್ನು ಕಲಿಯಲಾ ಅಂತ ಕೇಳಬೇಡಿ, ಈಗಲೇ ಬೇಡ. ಅದು ಬೇಕಾಗುವಷ್ಟು ದೊಡ್ಡ ಪುಟ ಮೊದಲು ಮಾಡಿ. ಅನುಮಾನ ಬಂದರೆ ಮೊಜಿಲ್ಲಾದವರ ಎಂಡಿಎನ್ ದಾಖಲೆಗಳು ಉಚಿತವಾಗಿವೆ. ಇಂಗ್ಲಿಷಿನಲ್ಲಿವೆ, ಆದರೂ ಉದಾಹರಣೆ ನೋಡಿಯೇ ಅರ್ಧ ತಿಳಿಯುತ್ತದೆ.

ಚಿಕ್ಕಪ್ಪನ ಪುಟ ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಸಂಜೆ ಫೋನ್ ಬಂತು. "ಏನೋ ಎನ್‌ಎಎನ್ ಅಂತ ಬರ್ತಿದೆ ಕಣೋ." ನಾಟ್ ಎ ನಂಬರ್, ಅಂದರೆ ಇದು ಸಂಖ್ಯೆಯೇ ಅಲ್ಲ ಅಂತ ಜಾವಾಸ್ಕ್ರಿಪ್ಟಿನ ದೂರು. ಹೋಗಿ ನೋಡಿದೆ. ಖಾನೆಯಲ್ಲಿ ೪೦ ಅಂತ ಇತ್ತು. ಅವರು ಕನ್ನಡ ಕೀಬೋರ್ಡಿನಲ್ಲಿ ಕನ್ನಡ ಅಂಕಿ ಒತ್ತಿದ್ದರು. ತಪ್ಪು ಅವರದಲ್ಲ, ಬಸ್ಸಿನ ಮೇಲಿನ ನಂಬರನ್ನೂ ಅವರು ಹಾಗೇ ಓದಿ ಬೆಳೆದವರು. ಹೆಸರು ಕನ್ನಡದಲ್ಲಿದ್ದರೆ ಒಪ್ಪುವ ಈ ಭಾಷೆ, ಕನ್ನಡ ಅಂಕಿಯನ್ನು ಮಾತ್ರ ಸಂಖ್ಯೆ ಅಂತ ಒಪ್ಪಲ್ಲ.

ಅಲ್ಲೇ ಜಗಲಿಯಲ್ಲಿ ಕೂತು ಒಂದು ಸಾಲು ಸೇರಿಸಿದೆ:

ಕಾನ್ಸ್ಟ್ ಅಂಕಿಗಳು = "೦೧೨೩೪೫೬೭೮೯"

ಖಾನೆಯಲ್ಲಿ ಬಂದ ಒಂದೊಂದು ಅಕ್ಷರವನ್ನೂ ಈ ಸಾಲಿನಲ್ಲಿ ಇಂಡೆಕ್ಸ್‌ಆಫ್ ಬಳಸಿ ಹುಡುಕುವುದು. ಅದು ಎಷ್ಟನೇ ಜಾಗದಲ್ಲಿ ಸಿಕ್ಕಿತು ಅಂತ ಹೇಳುತ್ತದೆ. ಜಾವಾಸ್ಕ್ರಿಪ್ಟ್ ಜಾಗಗಳನ್ನು ಒಂದರಿಂದ ಎಣಿಸಲ್ಲ, ಸೊನ್ನೆಯಿಂದ ಎಣಿಸುತ್ತದೆ. ಈ ಸೊನ್ನೆ ಎಣಿಕೆಗೆ ನಾನು ಎಷ್ಟು ಸಲ ಬೈದುಕೊಂಡಿದ್ದೆನೋ. ಆದರೆ ಇಲ್ಲಿ ಅದೇ ಕೈ ಹಿಡಿಯಿತು. ಸೊನ್ನೆಯಿಂದ ಎಣಿಸಿದರೆ ೪ ಇರುವುದು ಸರಿಯಾಗಿ 4ನೇ ಜಾಗದಲ್ಲಿ, ೦ ಇರುವುದು 0ನೇ ಜಾಗದಲ್ಲಿ. ಜಾಗದ ಸಂಖ್ಯೆಯೇ ಬೇಕಾದ ಅಂಕಿ. ಸಿಗದಿದ್ದರೆ -1 ಬರುತ್ತದೆ, ಆಗ ಆ ಅಕ್ಷರವನ್ನು ಇದ್ದ ಹಾಗೇ ಬಿಡುವುದು. ಅದು 4 ಅಂತಲೇ ಟೈಪ್ ಮಾಡಿದ್ದಿರಬಹುದು.

ಚಿಕ್ಕಪ್ಪ ೪೦ ಹಾಕಿದರು, ಸಂಜೆಯದು ಬೇಕೆಂದೇ 12 ಅಂತ ಇಂಗ್ಲಿಷ್ ಅಂಕಿಯಲ್ಲಿ ಹಾಕಿದರು. ಬಟನ್ ಒತ್ತಿದರು. 17420 ಬಂತು. ಆಮೇಲೆ ಜೇಬಿನಿಂದ ಚೀಟಿ ತೆಗೆದು, ಹಿಂದೆ ತಿರುಗಿಸಿ, ಪೆನ್ನಿನಲ್ಲಿ ಇನ್ನೊಂದು ಸಲ ಕೂಡಿ ನೋಡಿದರು.